ಕೂತರೆ ಒಪ್ಪಿಗೆ

ಬಸ್ಸು ಏಕಸಂಬಿ ದಾಟಿ ಕಬ್ಬಿನ ಹೊಲಗಳ ನಡುವಿನ ರಸ್ತೆಗೆ ಬಿದ್ದ ಮೇಲೂ ಮಾಳಸಿದ್ದ ನಿಂತೇ ಇದ್ದ. ಅರ್ಧ ಬಸ್ಸು ಖಾಲಿಯಿತ್ತು. ಹೆಂಡತಿ ಲಗಮವ್ವ ಕಿಟಕಿಗೆ ಕೂತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು, ಆ ಜಾಗ ಹಿಡಿದದ್ದು ಗಂಡನಿಗಲ್ಲ, ಚೀಲಕ್ಕೇ ಎಂಬಂತೆ ಹೊರಗೆ ನೋಡುತ್ತಿದ್ದಳು. ಕಂಡಕ್ಟರನಿಗೆ ಅದನ್ನು ಸಹಿಸಲಾಗಲಿಲ್ಲ. "ಏನ್ರಿ ಸೆಕ್ರೆಟರಿ ಸಾಹೇಬ್ರ, ನಮ್ಮ ಸೀಟ್ ಮೈಲಿಗಿ ಆಗ್ಯಾವೇನ? ಕುಂದರ್ರಿ." ಹಾಲಿನ ಸಂಘದ ಸೆಕ್ರೆಟರಿಯನ್ನು ನಿಲ್ಲಿಸಿಕೊಂಡು ಹೋಗುವುದು ಅವನಿಗೆ ತನ್ನ ಬಸ್ಸಿನ ಅವಮಾನ. ಮಾಳಸಿದ್ದ ಮೂಗನ್ನು ಎರಡು ಬೆರಳಲ್ಲಿ ಒತ್ತಿ, ಚಿಕ್ಕೋಡಿ ಡಿಪೋದ ಇನ್ಸ್‌ಪೆಕ್ಟರನ ದನಿ ತೆಗೆದ: "ನಿಂತವರಿಗೆ ಅರ್ಧಾ ಟಿಕೆಟ್ ಅಂತ ಸರ್ಕ್ಯುಲರ್ ಬಂದೈತಿ, ಓದಿಲ್ಲೇನೋ ನೀ? ಡ್ಯೂಟಿ ಮ್ಯಾಲ ಓದೂದ ಬಿಟ್ಟು ಬರೇ ಸೀಟಿ ಊದ್ತಿ?" ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕು ಹಿಂದಕ್ಕೆ ಹೋದ. ಆ ನಗೆಯ ಮರೆಯಲ್ಲಿ ಮಾಳಸಿದ್ದನಿಗೆ ಇನ್ನೊಂದಿಷ್ಟು ದೂರ ನಿಲ್ಲುವ ಪರವಾನಗಿ ಸಿಕ್ಕಿತು. ಈಚೆಗೆ ಅವನು ಬೇರೆಯವರ ದನಿಗಳನ್ನು ಬಳಸುತ್ತಿದ್ದದ್ದು ಇದಕ್ಕೇ. ಜನ ನಗುವಾಗ ಮುಖ ನೋಡುತ್ತಾರೆ, ಸೊಂಟದ ಕೆಳಗೆ ನೋಡುವುದಿಲ್ಲ.

ಕೂಡಲು ಬರುವುದೇ ಇಲ್ಲವೆಂದೇನಲ್ಲ. ಮನೆಯಲ್ಲಿ ಮೆತ್ತೆಯ ಮೇಲೆ ಒಂದು ಪಕ್ಕಕ್ಕೆ ವಾಲಿ, ಒಂದು ಕಾಲು ಚಾಚಿ, ಚಹಾ ಕುಡಿಯುವಷ್ಟು ಹೊತ್ತು ಕೂಡುತ್ತಿದ್ದ. ಕೂತಾಗಲೆಲ್ಲ ಒಂದು ಚೋದ್ಯ ನಡೆಯುತ್ತಿತ್ತು. ಭಾರ ಬೀಳುತ್ತಿದ್ದದ್ದು ಕೆಳಗೆ, ಆದರೆ ಯಾರೋ ಒಳತೊಡೆಯ ಮೇಲೆ ಅಂಗೈ ಇಟ್ಟ ಹಾಗೆ ಅನಿಸುತ್ತಿತ್ತು. ಮೊದಲ ಸಲ ಅವನು ಬೆಚ್ಚಿ ತೊಡೆಯತ್ತ ನೋಡಿದ್ದ. ಅಲ್ಲಿ ಯಾರ ಕೈಯೂ ಇರಲಿಲ್ಲ, ಉದ್ದಕ್ಕೆ ಒಂದು ಹೊಲಿಗೆಯ ಗುರುತಿತ್ತು ಅಷ್ಟೇ. ಮಿರಜದ ಮರಾಠಿ ಡಾಕ್ಟರು, 'ಸ' ಅನ್ನುವಾಗ ಹಲ್ಲಿನ ಸಂದಿಯಿಂದ ಸಣ್ಣ ಸಿಳ್ಳು ಹೊರಡಿಸುವವರು, ಅದನ್ನು ಕೇಳಿ ಖುಷಿಯಾಗಿದ್ದರು. ತೊಡೆಯಿಂದ ತೆಗೆದು ಅಲ್ಲಿಟ್ಟ ಮಾಂಸ ಇನ್ನೂ ತಾನು ತೊಡೆಯಲ್ಲೇ ಇದ್ದೇನೆಂದು ತಿಳಿದುಕೊಂಡಿದೆ, ಅದು ಜೀವಂತ ಇರುವುದರ ಲಕ್ಷಣ ಎಂದಿದ್ದರು. ಬೇರೆ ಊರಿಗೆ ವರ್ಗವಾದ ಗುಮಾಸ್ತನ ಕಾಗದಗಳು ಹಳೆಯ ವಿಳಾಸಕ್ಕೇ ಬರುತ್ತಿರುವಂತೆ, ಎಂದು ಮಾಳಸಿದ್ದ ಅಂದುಕೊಂಡಿದ್ದ. ಅವನಿಗೆ ಆ ಗುಮಾಸ್ತನ ಮೇಲೆ ಮಮತೆ ಹುಟ್ಟಿತ್ತು. ಇಷ್ಟು ವರ್ಷ ತೊಡೆಯೊಳಗೆ ಹೆಸರಿಲ್ಲದೆ ಕೂತಿದ್ದವನು. ಅವನಿಲ್ಲದಿದ್ದರೂ ನಡಿಗೆಗೆ ತೊಂದರೆಯಿಲ್ಲ, ಅವನ ಕೆಲಸವನ್ನು ಪಕ್ಕದವರು ಸಂಭಾಳಿಸುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಯಾವ ಕಚೇರಿಯಲ್ಲಾದರೂ ಅಂಥವನೊಬ್ಬ ಇರುತ್ತಾನೆ. ಒಂದು ದಿನ ಯಾರೂ ಹೋಗಲೊಲ್ಲದ ಊರಿಗೆ ಅವನನ್ನೇ ಕಳಿಸುತ್ತಾರೆ. ಅವನು ಮರುಮಾತಿಲ್ಲದೆ ಹೋಗಿ ಆ ಊರನ್ನು ಉಳಿಸುತ್ತಾನೆ.

ಯಾರೂ ಹೋಗಲೊಲ್ಲದ ಊರೇ ಅದು. ಗುದದ್ವಾರದ ಕ್ಯಾನ್ಸರು. ಆ ಎರಡನೆಯ ಶಬ್ದವನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ; ಮೊದಲನೆಯದನ್ನಂತೂ ಆಡುವ ಪ್ರಶ್ನೆಯೇ ಇಲ್ಲ. ಮೊದಲು ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು, ಆಮೇಲೆ ದೊಡ್ಡ ಆಪರೇಶನ್ ಮಾಡಿ ಹಾಳಾದದ್ದನ್ನೆಲ್ಲ ತೆಗೆದು, ಹೊಟ್ಟೆಯ ಎಡಕ್ಕೆ ಹೊಸ ಬಾಗಿಲು ಮಾಡಿ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿದರು. ಹಿಂಬಾಗಿಲಿನಿಂದ ನೌಕರಿಗೆ ಸೇರಿದವರನ್ನು ಮಾಳಸಿದ್ದ ಬೇಕಾದಷ್ಟು ನೋಡಿದ್ದ, ಹಿಂಬಾಗಿಲನ್ನೇ ಮುಚ್ಚಿ ಮುಂದೆ ತೆರೆದವರನ್ನು ಅಲ್ಲೇ ನೋಡಿದ್ದು. ಆದರೆ ಹಿಂಬಾಗಿಲು ಇದ್ದ ಜಾಗದ ಗಾಯ ಕೂಡಿಕೊಳ್ಳಲೇ ಇಲ್ಲ. ಕರೆಂಟು ಕುಡಿದ ಮಾಂಸ ಕೂಡಲೊಲ್ಲದು. ಗಾಯ ಬಾಯಿ ತೆರೆದುಕೊಂಡೇ ಉಳಿಯಿತು. ಕಿಲ್ಲಾರಿಯ ಭೂಕಂಪದ ಸುದ್ದಿ ವಾರ್ಡಿನ ಪ್ರತಿ ಮಂಚದಲ್ಲೂ ನಡೆದಿದ್ದ ದಿನಗಳವು. ನೆಲ ಬಿರಿದದ್ದನ್ನು ಜನ ವರ್ಣಿಸುವಾಗ ಅವನು ಬೋರಲು ಮಲಗಿ, ತನ್ನ ಕೆಳಗಿನ ಬಿರುಕನ್ನು ನೆನೆಯುತ್ತಿದ್ದ. ಅದೇ ಹೊತ್ತಿಗೆ ಲಗಮವ್ವ ಜ್ವರ ಬಂದು ಮಲಗಿದಳು. ಸದಲಗಾದಿಂದ ಅಕ್ಕ ಹೊಳೆವ್ವ ತನ್ನ ಮಗಳು ಸಾವಿತ್ರಿಯನ್ನು ಕಳಿಸಿದಳು.

ಸೋದರಸೊಸೆ ನೋಡಬಾರದ ಜಾಗವನ್ನು ಸಾವಿತ್ರಿ ನೋಡಿದಳು. ನರ್ಸು ಕಲಿಸಿಕೊಟ್ಟ ಹಾಗೆ ಉಪ್ಪುನೀರಲ್ಲಿ ನೆನೆಸಿದ ಅರಿವೆಯನ್ನು ಗಾಯದೊಳಗೆ ತುಂಬುತ್ತಿದ್ದಳು, ಹಳೆಯದನ್ನು ಎಳೆದು ತೆಗೆಯುತ್ತಿದ್ದಳು. ಅವನು ದಿಂಬಿನಲ್ಲಿ ಮುಖ ಹುದುಗಿಸಿ ಸತ್ತುಹೋಗಬೇಕೆನ್ನುವಷ್ಟು ನಾಚುತ್ತಿದ್ದ. ಮೊದಲ ದಿನ ಇಬ್ಬರೂ ಮಾತಾಡಲಿಲ್ಲ. ಎರಡನೆಯ ದಿನ ಅವಳು, "ಮಾಮಾ, ಕಂಡಕ್ಟರ್ ಮಾಡು," ಎಂದಳು. ಅವನು ದಿಂಬಿನೊಳಗಿಂದಲೇ ಶುರು ಮಾಡಿದ: ಮ್ಹೈಸಾಳ ಯಾರು ಇಳಿಯೋರು, ಕಾಗವಾಡ ಬರ್ರಿ ಮುಂದ, ಶೇಡಬಾಳ, ಉಗಾರ, ಏ ಮುದುಕಿ ಕೋಳಿ ಮಡಚಿ ಹಿಡಿ. ಕುಡಚಿ ಬರುವುದರೊಳಗೆ ಅರಿವೆ ತುಂಬಿ ಮುಗಿದರೆ ಅದು ಒಳ್ಳೆಯ ದಿನ. ರಾಯಬಾಗದವರೆಗೆ ಹೋದರೆ ದಿಂಬನ್ನು ಕಚ್ಚಬೇಕಾಗುತ್ತಿತ್ತು. ಹಾಗೆ ಅವಳು ಅವನನ್ನು ಎಷ್ಟೋ ಸಲ ರಾಯಬಾಗ ಮುಟ್ಟಿಸಿ ತಂದಿದ್ದಳು. ಕೊನೆಗೆ ಈ ಸಿಳ್ಳಿನ ಡಾಕ್ಟರು ಬಂದು, ಅವನ ತೊಡೆಯ ಮೇಲೆ ನೀಲಿ ಶಾಯಿಯಲ್ಲಿ ಗೆರೆ ಎಳೆದು, ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು: "ಘಾಬರೂ ನಕಾ, ಅಂಜಬ್ಯಾಡ್ರಿ. ಈ ಸ್ನಾಯು ಕೆಳಗ ಬಿಡಸ್ತೀವಿ. ಮ್ಯಾಲಿನ ರಕ್ತದ ನಳಿ ಕಡಿಯೂದಿಲ್ಲ, ಹಂಗೇ ಇರತದ. ಚರ್ಮದ ಬುಡಕ ಹಾಸಿ ತಿರುಗಿಸಿ ಅಲ್ಲಿ ಕೂಡ್ರಸ್ತೀವಿ. ತುಮಚಾಚ ಮಾಲ, ತುಮಚ್ಯಾಚ ಘರಾತ." ನಿಮ್ಮದೇ ಸಾಮಾನು, ನಿಮ್ಮದೇ ಮನೆಯಲ್ಲಿ. ಆಪರೇಶನ್ ಆದ ಮೇಲೆ ಆ ತುಂಡಿನ ಬಣ್ಣ ಕಾಯುವ ಕೆಲಸ ಸಾವಿತ್ರಿಗೇ ಬಿತ್ತು. ನೀಲಿಯಾದರೆ ಓಡಿ ಬಾ ಎಂದಿದ್ದರು. ಅವಳು ಹೊತ್ತುಹೊತ್ತಿಗೆ ಹೊದಿಕೆ ಎತ್ತಿ ನೋಡಿ, "ಗುಲಾಬಿ ಐತಿ, ಮಾಮಾ," ಎನ್ನುತ್ತಿದ್ದಳು. ಆ ಹಂಗಾಮಿನಲ್ಲಿ ಅವಳನ್ನು ನೋಡಲು ಬಂದ ಒಂದು ಸಂಬಂಧ, ಹುಡುಗಿ ಮನೆಯಲ್ಲಿಲ್ಲವೆಂದು ಹಾಗೇ ತಿರುಗಿ ಹೋಗಿತ್ತು. ಅದನ್ನು ಅವಳು ಹೇಳಲಿಲ್ಲ. ಲಗಮವ್ವ ಹೇಳಿದಳು, ಬಹಳ ದಿನಗಳ ಮೇಲೆ.

ಈಗ ಎರಡನೆಯದು ಬಂದಿತ್ತು. ಬೇಡಕಿಹಾಳದ ಅಣ್ಣಾಸಾಬನ ಮಗ ಭೀಮಸಿ. ಹುಡುಗ ಹೆಂಗ ಕಾಣ್ತಾನವ್ವ ಎಂದು ಮಾಳಸಿದ್ದ ಕೇಳಿದಾಗ ಸಾವಿತ್ರಿ, "ನಕ್ಕರ ದನಿ ಬರ್ತೈತಿ ಅವಗ," ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು. ಅಷ್ಟು ಸಾಕಾಗಿತ್ತು ಅವನಿಗೆ. ಇವತ್ತು ಸದಲಗಾದಲ್ಲಿ ಸಕ್ಕರೆ, ಸಂಬಂಧ ಗೊತ್ತುಮಾಡುವ ಶಾಸ್ತ್ರ. ಅವರ ಮನೆತನಗಳಲ್ಲಿ ಇದಕ್ಕೆ ಮಾತು ಬೇಕಿರಲಿಲ್ಲ. ನಡುಮನೆಯಲ್ಲಿ ಕರಿ ಕಂಬಳಿ ಹಾಸುತ್ತಾರೆ; ಒಂದು ತುದಿಗೆ ಗಂಡಿನ ಕಡೆಯ ಹಿರಿಯ ಕೂಡುತ್ತಾನೆ; ಹೆಣ್ಣಿನ ಸೋದರಮಾವ ಬಂದು ಇನ್ನೊಂದು ತುದಿಗೆ ಕೂತರೆ ಒಪ್ಪಿಗೆ, ನಿಂತರೆ ಇಲ್ಲ. ಬೇಡವೆಂಬ ಮಾತನ್ನು ಬಾಯಿಂದ ಆಡಿ ಯಾರೂ ಯಾರ ಮನಸ್ಸನ್ನೂ ಮುರಿಯಬಾರದೆಂದು ಹಿಂದಿನವರು ಹುಡುಕಿದ ಉಪಾಯ. ಒಲ್ಲದ ಮಾವಂದಿರು ನಿಂತುಕೊಂಡು ಏನಾದರೊಂದು ನೆಪ ಹೇಳುತ್ತಾರೆ. ಹೊಳೆವ್ವನ ಮೊದಲ ಸಂಬಂಧಕ್ಕೆ ಅವಳ ಸೋದರಮಾವ, "ಬೆನ್ನಾಗ ಚಳಕ ಬಂದೈತ್ರಿ," ಎಂದು ಕಂಬಕ್ಕೆ ಒರಗಿ ನಿಂತಿದ್ದ. ಬಂದವರು ಚಹಾ ಕುಡಿದು, ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳಿರಿ ಎಂದು ಹೇಳಿ, ಎದ್ದು ಹೋಗಿದ್ದರು. ಆ ಬೆನ್ನು ನಿಜವಾಗಿ ನೋಯುತ್ತಿತ್ತೋ ಏನೋ ಎಂದು ಮಾಳಸಿದ್ದನಿಗೆ ಈಗ, ಈ ಬಸ್ಸಿನ ಕಂಬಿ ಹಿಡಿದು ನಿಂತಾಗ, ಮೊದಲ ಬಾರಿಗೆ ಅನ್ನಿಸಿತು.

ಸದಲಗಾದ ಮನೆಯ ನಡುಮನೆಯಲ್ಲಿ ಕಂಬಳಿ ಆಗಲೇ ಹಾಸಿತ್ತು. ಬಂದವನೇ ಅವನು ಪಕ್ಕದ ಮನೆಯಿಂದ ಒಂದು ಕಬ್ಬಿಣದ ಕುರ್ಚಿ ತರಿಸಿ ಇಡಿಸಿದ. ಹೊಳೆವ್ವ ಅದನ್ನು ಎತ್ತಿ ಹಿತ್ತಲಲ್ಲಿ ಇಟ್ಟಳು. "ಹಿರ್‍ಯಾ ನೆಲದಾಗ ಕುಂತಾಗ ನೀ ಮ್ಯಾಲ ಕುರ್ಚಿ ಏರತಿ? ಎಮ್ಮೆಲ್ಲೆ ಏನೋ ನೀ?" ಕುರ್ಚಿಗಾಗಿ ಪಕ್ಷ ಬಿಟ್ಟವರುಂಟು ಅಕ್ಕಾ, ನಾ ಬರೇ ಕಂಬಳಿ ಬಿಡ್ತೀನಿ ಎಂದು ಅವನು ನಗಿಸಲು ನೋಡಿದ. ಅವಳು ನಗಲಿಲ್ಲ. ಹತ್ತಿರ ಬಂದು, ದನಿ ಇಳಿಸಿ, "ತಮ್ಮಾ, ಹ್ಯಾಂಗರ ಮಾಡಿ ಕುಂದರು. ಆದರ ಆ ಜಡ್ಡಿನ ಹೆಸರು ಬಾಯಾಗ ಬರಬಾರದು. ಮನಿತನದಾಗ ಹರದ ಬರ್ತೈತಿ ಅಂತ ತಿಳದ್ರ ಮುಗೀತು," ಎಂದಳು. ಲಗಮವ್ವ ಮೆತ್ತೆ ತರುತ್ತೇನೆಂದದ್ದನ್ನು ಬೇಡವೆಂದವನು ಅವನೇ. ಸಕ್ಕರೆಗೆ ಹೋಗುವ ಮಾವ ಮೆತ್ತೆ ಹೊತ್ತು ಹೋದರೆ ಜನ ಏನೆಂದಾರು. ಎಲ್ಲರ ಎದುರು ಕೂತೇಬಿಡುತ್ತೇನೆ, ಒಂದು ದಿನದ ಮಾತು, ಎಂದು ಬೆಳಗ್ಗೆ ಧೈರ್ಯವಿತ್ತು. ಕಂಬಳಿ ನೋಡಿದಾಗ ಅದು ಹೋಗಿತ್ತು. ಚಕ್ಕಳಮಕ್ಕಳ ಮಾತ್ರ ಇನ್ನೂ ಹಾಕಬೇಡಿ ಎಂದು ಡಾಕ್ಟರು ಸಿಳ್ಳು ಹೊಡೆದು ಹೇಳಿದ್ದರು; ಹಿರಿಯನ ಎದುರು ಕಾಲು ಚಾಚುವಂತಿಲ್ಲ. ಹೊಲಿಗೆ ಬಿಟ್ಟರೆ? ಆ ಬಡ ಗುಮಾಸ್ತ ತನ್ನ ಹೊಸ ಊರಲ್ಲಿ ಈಗಷ್ಟೇ ಬೇರು ಬಿಟ್ಟಿದ್ದಾನೆ. ಅವನ ಮೇಲೆ ತನ್ನ ಇಡೀ ಭಾರ ಹೇರುವುದು ಕೃತಘ್ನತೆಯಂತೆ ತೋರಿತು. ಆದರೆ ಅವನನ್ನು ಕಾಪಾಡಿಕೊಂಡು, ಅವನ ಬಣ್ಣ ಕಾಯ್ದವಳ ಸಂಬಂಧ ಮುರಿಸುವುದು?

ಅವರು ಬಂದರು. ಅಣ್ಣಾಸಾಬ, ಅವನ ತಂದೆ ಮಲಕಾರಿ ಅಜ್ಜ, ಹಿಂದೆ ಭೀಮಸಿ. ಅಜ್ಜ ಕಂಬಳಿಯ ಪಡುವಣ ತುದಿಗೆ, ಮುಂದೆ ಸಕ್ಕರೆಯ ತಾಟು ಇಟ್ಟುಕೊಂಡು, ಕಾಲು ಮಡಚಿ ಕಲ್ಲಿನ ಹಾಗೆ ಕೂತ. ಮಾಳಸಿದ್ದ ಕಂಬದ ಹತ್ತಿರ ನಿಂತು ಮಳೆ, ಕಬ್ಬು, ಹಾಲಿನ ದರ ಎಲ್ಲ ಮಾತಾಡಿದ. ಹಾಲಿನ ಡೇರಿಯ ಮರಾಠಿ ಸುಪರ್‌ವೈಸರನ ನಕಲು ಮಾಡಿದ. ಭೀಮಸಿ ನಕ್ಕ, ದನಿ ಬಂತು, ನಿಜವಾಗಿ, ತೆರೆದ ದನಿ. ಮಾಳಸಿದ್ದನಿಗೆ ಆ ದನಿ ಕೇಳಿ ಸುಖವಾಯಿತು, ಅದರ ಹಿಂದೆಯೇ ಭಯವಾಯಿತು.

"ಬರ್ರಿ ಸೆಕ್ರೆಟರಿಯವರ, ಕುಂದರ್ರಿ," ಎಂದ ಅಜ್ಜ.

"ಕುಂದರ್ತೀನ್ರಿ ಅಜ್ಜಾರ. ಬಸ್ಸಿನ್ಯಾಗ ಕುಂತು ಕುಂತು ಸಾಕಾಗೇತಿ, ಒಂದೀಟ ಕಾಲ ಸಡಲ ಮಾಡ್ಕೋತೀನಿ."

ಲಗಮವ್ವ ತಲೆ ತಗ್ಗಿಸಿದಳು. ಅಜ್ಜ ಕಾದ. ಮಾತು ಮತ್ತೆ ಮಳೆಗೆ ಹೋಯಿತು, ತಿರುಗಿ ಬಂತು.

"ಕುಂದರ್ರಿ," ಎಂದ ಅಜ್ಜ ಮತ್ತೆ.

ಆಗ ಹೊಳೆವ್ವ ತಡೆಯಲಾರದೆ ನಡುವೆ ಬಾಯಿ ಹಾಕಿದಳು. "ಕುರು ಆಗೈತ್ರಿ ಅಜ್ಜಾರ, ತಮ್ಮಗ. ಕುಂದರಾಕ ತ್ರಾಸ ಆಗ್ತೈತಿ. ಅದಕ್ಕ."

ಹೇಳಿದ ಕೂಡಲೇ ಅವಳಿಗೆ ತಾನು ಮಾಡಿದ್ದೇನೆಂದು ತಿಳಿಯಿತು.  ಅಜ್ಜ ನಿಧಾನ ತಲೆ ಆಡಿಸಿದ. "ಹೂಂ. ಕುರು. ಬೇಸಿಗಿ ಐತಿ, ಆಗ್ತಾವು. ಬೇವಿನ ತಪ್ಪಲಾ ಅರದ ಹಚ್ಚರಿ," ಎಂದು ತಾಟಿನ ಮೇಲೆ ಇಟ್ಟಿದ್ದ ಕೈಯನ್ನು ಹಿಂದೆಗೆದು ರುಮಾಲು ಸರಿಮಾಡಿಕೊಂಡ. ಅಣ್ಣಾಸಾಬನ ಕಿವಿ ಕೆಂಪಾದವು. "ಅಲ್ರಿ, ನಮ್ಮ ಹುಡುಗನ ಮ್ಯಾಲ ಏನರ ಸುದ್ದಿ ಕೇಳೀರೇನು? ಇದ್ರ ಹೇಳ್ರಿ, ಎದರೆದರಾ ಆಗ್ಲಿ." ಅಜ್ಜ ಮಗನ ತೋಳು ಹಿಡಿದ. "ಅಣ್ಣಾ, ಸುಮ್ಮಕಿರು. ನಿಂತವ್ರನ್ನ ಯಾಕಂತ ಕೇಳಬಾರದು." ಭೀಮಸಿ ಅಡಿಗೆಮನೆಯ ಬಾಗಿಲತ್ತ ಒಮ್ಮೆ ನೋಡಿ ನೆಲ ನೋಡಿದ. ಯಾರೂ ಒರಟಾಗಲಿಲ್ಲ. ಅದೇ ಭಯಂಕರವಾಗಿತ್ತು. ಎಷ್ಟು ನಯವಾಗಿ, ಎಷ್ಟು ಮೆಲ್ಲಗೆ, ಒಂದು ಹುಡುಗಿಯ ಬದುಕು ಈ ಮನೆಯಿಂದ ಎದ್ದು ಹೊರಟಿತ್ತು. ಅಜ್ಜ ನೆಲಕ್ಕೆ ಕೈ ಊರುತ್ತಿದ್ದ.

ಮಾಳಸಿದ್ದ ಕಂಬ ಬಿಟ್ಟು ಮುಂದೆ ಬಂದ. ಬಿಟ್ಟರೆ ಬಿಡಲಿ ಹೊಲಿಗೆ, ಎಂದುಕೊಂಡ. ಕಂಬಳಿಯ ಮೇಲೆ ಕಾಲಿಟ್ಟು, ಧೋತರ ಎತ್ತಿ, ಎರಡೂ ಮೊಣಕಾಲು ಅಗಲಿಸಿ ಕೆಳಗೆ ಬಾಗಿದ. ಸೊಂಟದ ಕೆಳಗೆ ಎಲ್ಲೋ ಒಂದು ದಾರ ಜಗ್ಗಿದಂತಾಯಿತು.

"ಮಾಮಾ! ಚಕ್ಕಳಮಕ್ಕಳ ಬ್ಯಾಡ!"

ಚಹಾದ ತಾಟು ಹಿಡಿದ ಸಾವಿತ್ರಿ ಅಡಿಗೆಮನೆಯ ಬಾಗಿಲಲ್ಲಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು. ಸಕ್ಕರೆಯ ದಿನ ಹುಡುಗಿ ಕೆಮ್ಮುವುದೂ ಇಲ್ಲ. ಇವಳು ಮಿರಜದ ವಾರ್ಡಿನ ದನಿಯಲ್ಲಿ ಒದರುತ್ತಿದ್ದಳು. "ಎಡಗಾಲ ಚಾಚು. ಬಲಕ್ಕ ಒರಗು. ಎಷ್ಟ ಸಲ ಹೇಳಬೇಕು ನಿನಗ? ಮತ್ತ ಬಾಯಿ ಬಿಟ್ರ ಯಾರ ತುಂಬವ್ರು ಅದರಾಗ?"

ಅವನು ಅರ್ಧ ಬಾಗಿದಲ್ಲೇ ನಿಂತುಬಿಟ್ಟ. ಕೂತವನೂ ಅಲ್ಲ, ನಿಂತವನೂ ಅಲ್ಲ. ಹಿಂದಿನವರು ಇದಕ್ಕೆ ಏನು ಅರ್ಥ ಇಟ್ಟಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಅವನನ್ನು ನೋಡುತ್ತಿದ್ದರು, ಈ ಸಲ ಸೊಂಟದ ಕೆಳಗೇ ನೋಡುತ್ತಿದ್ದರು. ನಾಲಿಗೆಯ ತುದಿಗೆ ದನಿಗಳೆಲ್ಲ ಬಂದು ನಿಂತವು: ಡಾಕ್ಟರು, ಸುಪರ್‌ವೈಸರು, ಇನ್ಸ್‌ಪೆಕ್ಟರು, ಯಾವುದಾದರೂ ಒಂದನ್ನು ಹಾಕಿಕೊಂಡರೆ ದಾಟಬಹುದಿತ್ತು. ಕಾಯಿಲೆ ತಿಳಿದ ದಿನ ಲಗಮವ್ವನಿಗೆ ಕೂಡ ಅವನು ಅದನ್ನು ತಿಳಿಸಿದ ಡಾಕ್ಟರ ನಕಲಿನಲ್ಲೇ ಹೇಳಿದ್ದ. ಅವಳು ಮೊದಲು ನಕ್ಕಿದ್ದಳು, ಆ ನಗೆಗಾಗಿ ಅವಳು ಇನ್ನೂ ತನ್ನನ್ನು ತಾನು ಕ್ಷಮಿಸಿಕೊಂಡಿರಲಿಲ್ಲ. ಅವನು ನೆಟ್ಟಗೆ ನಿಂತ. ಬಂದ ದನಿ ಸಣ್ಣದು, ಸ್ವಲ್ಪ ಗೊಗ್ಗರು, ಅವನಿಗೇ ಅಷ್ಟಾಗಿ ಪರಿಚಯವಿಲ್ಲದ್ದು.

"ಕುರು ಅಲ್ರಿ ಅಜ್ಜಾರ. ಕ್ಯಾನ್ಸರ್ ಆಗಿತ್ತು ನನಗ. ಕೆಳಗಿನ ಜಾಗಾ ಎಲ್ಲಾ ತಗದಾರ. ಸಂಡಾಸ ಇಲ್ಲಿ ಹೊಟ್ಟಿ ಮ್ಯಾಲಿಂದ ಆಗ್ತೈತಿ, ಚೀಲ ಕಟ್ಟೈತಿ. ಗಾಯ ಕೂಡಲಿಲ್ಲ ಅಂತ ತೊಡಿ ಮಾಂಸ ತಿರುವಿ ಅಲ್ಲಿ ಇಟ್ಟಾರ. ಅದಕ್ಕ ಕುಂದರಾಕ ಬರೂದಿಲ್ಲ. ಹುಡುಗ ನನಗ ಮನಸಿಗೆ ಬಂದಾನ. ಮನಿತನ ಮನಸಿಗೆ ಬಂದೈತಿ. ಬಾಗಿದ್ರ ಹರೀತೈತಂತ ಅಂಜಿ ನಿಂತಿದ್ದೆ."

 ಅವನ ಮಾತು ಮುಗಿದದ್ದೇ, ಅಂಗಿಯ ಒಳಗೆ, ಹೊಟ್ಟೆಯ ಚೀಲ ಗುರ್ರ್ ಎಂದು ತನ್ನ ಪಾಡಿಗೆ ತಾನು ದೀರ್ಘವಾಗಿ ನುಡಿಯಿತು. ಇಷ್ಟು ದಿನ ಅಂಥ ಹೊತ್ತಿನಲ್ಲಿ ಅವನು ಮೋಟರಿನದೋ ಎಮ್ಮೆಯದೋ ದನಿ ತೆಗೆದು ಮುಚ್ಚುತ್ತಿದ್ದ. ಈ ಸಲ ಸುಮ್ಮನೆ ನಿಂತು, ಅದು ಹೇಳಿ ಮುಗಿಸುವವರೆಗೆ ಬಿಟ್ಟ.

ಅಣ್ಣಾಸಾಬ ಗಂಟಲು ಸರಿಮಾಡಿಕೊಂಡ. "ಅದು... ತಪ್ಪ ತಿಳ್ಕೋಬ್ಯಾಡ್ರಿ. ಹತ್ತತೈತೇನ್ರಿ ಅದು?"

"ಹತ್ತೂದಿದ್ರ ನನಗ ಹತ್ತಬೇಕಿತ್ತಲ್ರಿ ಅಣ್ಣಾರ," ಎಂದಳು ಲಗಮವ್ವ. ಅಷ್ಟು ಗಂಡಸರ ನಡುವೆ ಅವಳು ಮಾತಾಡಿದ್ದು ಅದೇ ಮೊದಲು.

"ನನ್ನ ಕೈಗೆ ಮೊದಲ ಹತ್ತತಿತ್ತು," ಎಂದಳು ಸಾವಿತ್ರಿ ಬಾಗಿಲಿಂದ, ತಾಟು ಇನ್ನೂ ಹಿಡಿದೇ.

ಭೀಮಸಿ ತಲೆ ಎತ್ತಿ ಅವಳನ್ನು ನೋಡಿದ. ಹುಡುಗಿ ನೋಡಲು ಬಂದಾಗ ನೋಡಿದ ಹಾಗಲ್ಲ. ಎದ್ದು ಹೋಗಿ ಆ ತಾಟನ್ನು ಅವಳ ಕೈಯಿಂದ ತೆಗೆದುಕೊಂಡು ನೆಲಕ್ಕಿಟ್ಟ, ಭಾರವಾಗಿರಬಹುದೆಂದು. ಅಜ್ಜ ಇದೆಲ್ಲವನ್ನೂ ನೋಡುತ್ತ, ಯಾವುದೋ ಲೆಕ್ಕ ತಾಳೆಯಾಗದವನಂತೆ ಮಾಳಸಿದ್ದನ ಮುಖವನ್ನೇ ದಿಟ್ಟಿಸಿದ. ಆಮೇಲೆ ಮಗನ ಕಡೆ ತಿರುಗಿ, "ಖರೇ ಐತೋ ಅಣ್ಣಾ," ಎಂದ. "ಚಳಕ ಅಂತಾರ, ಜ್ವರ ಅಂತಾರ, ಕುರು ಅಂತಾರ. ಇದನ್ನ ಮಾತ್ರ ಯಾರೂ ನೆಪಕ್ಕ ಹೇಳೂದಿಲ್ಲ." ನೆಲಕ್ಕೆ ಊರಿದ್ದ ಕೈಯನ್ನು ಎತ್ತಿಕೊಂಡು ಮತ್ತೆ ಸರಿಯಾಗಿ ಕೂತ. "ಹುಡುಗಿ ಹೇಳಿದಂಗ ಕುಂದರ್ರಿ. ಸಾವಕಾಶ. ಸಕ್ಕರಿ ಎಲ್ಲಿಗೂ ಓಡೂದಿಲ್ಲ."

ಮಾಳಸಿದ್ದ ಲಗಮವ್ವನ ಭುಜ ಹಿಡಿದು ಇಳಿದ. ಬಲಕ್ಕೆ ಒರಗಿದ. ಎಡಗಾಲು ಚಾಚಿದ, ಅದು ಹೋದದ್ದು ನೇರ ಅಜ್ಜನ ಎದೆಯ ಕಡೆ, ಸಕ್ಕರೆಯ ತಾಟಿನ ಪಕ್ಕಕ್ಕೆ. ಹಿರಿಯನಿಗೆ ಅಂಗಾಲು ತೋರಿಸಿ ಕೂತ ಮಾವನನ್ನು ಈ ಕಂಬಳಿ ಯಾವತ್ತೂ ಕಂಡಿರಲಿಕ್ಕಿಲ್ಲ. ಹೊಳೆವ್ವ ಓಡಿಬಂದು ಆ ಕಾಲನ್ನು ಗೋಡೆಯ ಕಡೆ ತಿರುಗಿಸಲು ನೋಡಿದಳು, ಅದು ತಿರುಗಲಿಲ್ಲ. "ಬಿಡವ್ವಾ," ಎಂದ ಅಜ್ಜ. ಸುತ್ತ ಒಮ್ಮೆ ನೋಡಿ, ಕಳ್ಳತನ ಮಾಡುವವನ ಹಾಗೆ ಮೆಲ್ಲಗೆ, ಮಡಚಿದ್ದ ತನ್ನ ಬಲಗಾಲನ್ನು ಎರಡೂ ಕೈಯಿಂದ ಹಿಡಿದು ಬಿಡಿಸಿದ. ಮೊಣಕಾಲು ಕಟಕ್ಕೆಂದಿತು. ಅದನ್ನು ಮಾಳಸಿದ್ದನ ಕಾಲಿನ ಪಕ್ಕಕ್ಕೆ, ಕಂಬಳಿಯ ಉದ್ದಕ್ಕೆ ಚಾಚಿ, ದೊಡ್ಡ ಉಸಿರು ಬಿಟ್ಟ.

"ಅಯ್ಯಯ್ಯಪ್ಪಾ," ಎಂದ. "ಎಂಟ ಹೆಣ್ಣಮಕ್ಕಳ ಸಕ್ಕರಿಗೆ ಕಾಲ ಮಡಚಿ ಕುಂತೀನ್ರಿ ನಾ, ಹಲ್ಲ ಕಚ್ಚಿ. ಮೊಣಕಾಲ ನೂಸ್ತೈತಿ ಅಂದ್ರ ಯಾರ ನಂಬ್ಯಾರು?"

ಮೊದಲು ನಕ್ಕದ್ದು ಭೀಮಸಿ. ಆ ದನಿಯ ಹಿಂದೆ ಮನೆಯೆಲ್ಲ ನಕ್ಕಿತು. ಹೊಳೆವ್ವ ನಗುತ್ತ ಸೆರಗಿನಿಂದ ಕಣ್ಣೊತ್ತಿಕೊಂಡಳು. ಮಾಳಸಿದ್ದ ಯಾರ ನಕಲೂ ಮಾಡದೆಯೇ ಈ ಮನೆ ಅವನೆದುರು ನಕ್ಕದ್ದು ಇದೇ ಮೊದಲು. ಅಜ್ಜ ಬಾಗಿ, ಎರಡು ಕಾಲುಗಳ ಮೇಲಿಂದ ಕೈ ಚಾಚಿ, ಒಂದು ಚಿಮಟಿ ಸಕ್ಕರೆಯನ್ನು ಅವನ ಬಾಯಿಗೆ ಹಾಕಿದ. ಮಾಳಸಿದ್ದನೂ ಅಜ್ಜನ ಬಾಯಿಗೆ ಹಾಕಿದ. ಸಾವಿತ್ರಿ ಚಹಾ ಕೊಡಲು ಬಂದು, ಕಾಲುಗಳನ್ನು ದಾಟುವುದೋ ಸುತ್ತುವುದೋ ತಿಳಿಯದೆ ನಿಂತು, ಸುತ್ತಿಕೊಂಡು ಹೋದಳು. ಭಾರ ಕೆಳಗೆ ಇಳಿದಿತ್ತು, ಇಳಿದಲ್ಲಿ ಆ ಗುಮಾಸ್ತ ತಡೆದುಕೊಂಡಿದ್ದ. ಏನೂ ಹರಿದಿರಲಿಲ್ಲ.

ಅಡಿಗೆಮನೆಯಿಂದ ಹೋಳಿಗೆ ಬೇಯುವ ವಾಸನೆ ಬಂತು. ಅಣ್ಣಾಸಾಬ ಎದ್ದು, ಮಾಳಸಿದ್ದನ ಕಂಕುಳಿಗೆ ಕೈ ಕೊಟ್ಟ. "ಏಳ್ರಿ ಬೀಗರ, ಎಬ್ಬಸ್ತೀನಿ. ಊಟ ಆಗ್ಲಿ."

"ಇರ್ರಿ," ಎಂದ ಮಾಳಸಿದ್ದ. "ಇನ್ನೊಂದೀಟ ಕುಂದರ್ತೀನಿ."